ಮೂರು ಬೀದಿಗೆ ಒಂದೇ ಎಣ್ಣೆ

ನಮ್ಮ ಊರಿಗೆ ಮೂರೇ ಬೀದಿ. ಮೊದಲನೆಯದು ಮಾಗಿ ಬೀದಿ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ. ಅಲ್ಲಿ ವರ್ಷವಿಡೀ ಚಳಿ. ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತದೆ. ಚೊಂಬಿನ ಅಂಚಿನಿಂದ ಅದನ್ನು ಒಡೆದು ಮುಖ ತೊಳೆಯುತ್ತೇವೆ. ಅದನ್ನು ದಾಟಿದರೆ ಸೋನೆ ಬೀದಿ. ಅಲ್ಲಿ ಮಳೆ ನಿಂತದ್ದನ್ನು ಯಾರೂ ಕಂಡಿಲ್ಲ, ಜೋರಾಗಿ ಸುರಿದದ್ದನ್ನೂ ಕಂಡಿಲ್ಲ. ಅದರಾಚೆಗೆ ಬೇಗೆ ಬೀದಿ. ಅದು ಉದ್ದಕ್ಕೂ ಏರು. ಬೆಳಗಿನ ಕಾಫಿ ಹೊತ್ತಿಗೇ ಅಲ್ಲಿ ಕಲ್ಲು ಕಾದು ಬರಿಗಾಲು ಇಡಲಾಗುವುದಿಲ್ಲ. ಏರಿನ ತುದಿಯಲ್ಲಿ ಆಸ್ಪತ್ರೆ. ಒಗೆದ ಬಟ್ಟೆ, ಬ್ಯಾಂಡೇಜು ಬೇಗ ಒಣಗಲಿ ಎಂದು ಹಿಂದಿನವರು ಅದನ್ನು ಅಲ್ಲಿ ಕಟ್ಟಿಸಿದರಂತೆ.

ಊರು ಇದಕ್ಕೆ ಒಗ್ಗಿಕೊಂಡೇ ನಡೆಯುತ್ತದೆ. ನಮ್ಮ ಬೀದಿಯಲ್ಲಿ ಹಾಲು ಮೊಸರಾಗುವುದಿಲ್ಲ. ಹೆಪ್ಪು ಹಾಕಿದ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಬೇಗೆ ಬೀದಿಯ ನೆಂಟರ ಮನೆಗೆ ಕಳಿಸುತ್ತೇವೆ. ಅವರ ಬೆಣ್ಣೆ ಕರಗದಂತೆ ನಮ್ಮ ಮನೆಯ ಗೂಡಿನಲ್ಲಿರುತ್ತದೆ. ಬೀದಿಗಳು ಕೂಡುವ ಎರಡು ಕಡೆಯೂ ಕಲ್ಲಿನ ಕಟ್ಟೆಗಳಿವೆ. ಅವನ್ನು ಬದಲಿಕಟ್ಟೆ ಎನ್ನುತ್ತೇವೆ. ಕಟ್ಟೆಯ ಗೋಡೆಗೆ ಸಾಲಾಗಿ ಗೂಟ ಹೊಡೆದಿದೆ. ಮೊದಲ ಕಟ್ಟೆಯಲ್ಲಿ ಶಾಲು, ಸ್ವೆಟರು ಬಿಟ್ಟು ಕೊಡೆ ತೆಗೆದುಕೊಳ್ಳಬೇಕು. ಎರಡನೆಯದರಲ್ಲಿ ಕೊಡೆ ಬಿಟ್ಟು ತಲೆಗೊಂದು ಬಿಳಿ ವಸ್ತ್ರ ಸುತ್ತಿಕೊಳ್ಳಬೇಕು. ಬರುವಾಗ ನಿಮ್ಮದು ನಿಮ್ಮ ಗೂಟದಲ್ಲೇ ಇರುತ್ತದೆ.

ಕಾರನ್ನೂ ಅಲ್ಲೇ ಬದಲಿಸಬೇಕು. ಮಾಗಿ ಬೀದಿಯ ಕಾರುಗಳಿಗೆ ಹಾಕುವುದು ತೆಳು ಎಣ್ಣೆ. ದಪ್ಪ ಎಣ್ಣೆ ನಮ್ಮ ಚಳಿಗೆ ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಎಂಜಿನ್ ತಿರುಗುವುದೇ ಇಲ್ಲ. ಬೇಗೆ ಬೀದಿಯವರು ಹಾಕುವುದು ದಪ್ಪ ಎಣ್ಣೆ; ತೆಳುವಾದದ್ದು ಅಲ್ಲಿನ ಕಾವಿಗೆ ನೀರಾಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಎಂಜಿನ್ ಹಿಡಿದುಕೊಂಡುಬಿಡುತ್ತದೆ. ಸೋನೆ ಬೀದಿಯದು ಎರಡರ ನಡುವಿನದು. ಹಾಗಾಗಿ ಒಂದು ಬೀದಿಯ ಕಾರು ಇನ್ನೊಂದು ಬೀದಿಗೆ ಹೋಗುವುದಿಲ್ಲ. ಹೋಗಬಾರದೆಂದು ಯಾರೂ ಬರೆದಿಟ್ಟಿಲ್ಲ. ಹೋಗುವುದಿಲ್ಲ, ಅಷ್ಟೆ. ಕೈಕಾಲು ನೆಟ್ಟಗಿರುವವರಿಗೆ ಇದು ತೊಂದರೆಯೂ ಅಲ್ಲ. ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೊಂದು ಕಾರು ಹತ್ತುತ್ತಾರೆ. ನನ್ನ ಅಕ್ಕ ಬೀಳುವವರೆಗೆ ನಾನೂ ಇದರ ಬಗ್ಗೆ ಯೋಚಿಸಿದವನಲ್ಲ.

ಅಕ್ಕನ ಹೆಸರು ನೀಲಾಂಬಿಕೆ. ಬೀದಿಗೆಲ್ಲ ನೀಲಕ್ಕ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಅವಳ ಹೊಲಿಗೆ ಮೆಷಿನ್ನು. ಅದನ್ನು ಕಾಲಲ್ಲಿ ತುಳಿಯಬೇಕು. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದು, ವಾಚನಾಲಯದ ಕಿಟಕಿಯ ಪಕ್ಕ ಕೂತು, ಹೊರಗಿನ ಮಂಜು ನೋಡುತ್ತಾ ಎರಡು ವರ್ಷ ಕಳೆದಿದ್ದೆ. ಅವಳು ಒಮ್ಮೆಯೂ ಕೆಲಸದ ಮಾತೆತ್ತಲಿಲ್ಲ. ನಮ್ಮ ಮನೆಯಲ್ಲಿ ಮಾತು ಕಡಿಮೆ. ಅವಳ ಮೌನಗಳನ್ನು ನಾನು ಒಂದೊಂದಾಗಿ ಗುರುತು ಹಿಡಿಯಬಲ್ಲೆ: ಸೂಜಿಗೆ ದಾರ ಪೋಣಿಸುವಾಗಿನದು ಒಂದು, ಅಳತೆಗೆ ಬಂದವರು ಸುಳ್ಳು ಹೇಳುವಾಗಿನದು ಇನ್ನೊಂದು, ನನಗೆಂದು ಒಲೆಯ ಬಳಿ ತಟ್ಟೆ ಮುಚ್ಚಿಟ್ಟು ಕಾಯುವಾಗಿನದು ಮತ್ತೊಂದು.

ಒಂದು ಬೆಳಿಗ್ಗೆ ಅಂಗಳದ ಮಂಜಿನ ಮೇಲೆ ಜಾರಿ ಬಿದ್ದಳು. ಬಲಗಾಲಿನ ಮೂಳೆ ಮಂಡಿಯ ಕೆಳಗೆ ಮುರಿದಿತ್ತು. ಆಪರೇಷನ್ ಆಯಿತು, ಒಳಗೆ ಲೋಹದ ಪಟ್ಟಿ ಕೂರಿಸಿದರು, ಆರು ವಾರ ಕಟ್ಟು. ಕಟ್ಟು ಬಿಚ್ಚಿದಾಗ ಮಂಡಿ ಮಡಿಸಲು ಬರಲಿಲ್ಲ. ವ್ಯಾಯಾಮ ಮಾಡಿಸುವ ಕಸ್ತೂರಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ದಿನ ಬಿಟ್ಟು ದಿನ ಕರ್ಕೊಂಡು ಬನ್ನಿ. ಮೊದಲ ಒಂದು ತಿಂಗಳು ಮುಖ್ಯ. ಅದು ಕಳೆದರೆ ಮಂಡಿ ಹೀಗೇ ನಿಂತುಬಿಡುತ್ತೆ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಹೋಗುವಾಗ ಎರಡು ಕಟ್ಟೆ, ಬರುವಾಗ ಎರಡು. ಪ್ರತಿ ಕಟ್ಟೆಯಲ್ಲೂ ಅವಳನ್ನು ಒಂದು ಕಾರಿನಿಂದ ಎತ್ತಿ ಇನ್ನೊಂದಕ್ಕೆ ಹಾಕಬೇಕು. ಒಬ್ಬ ಕಂಕುಳು ಹಿಡಿಯುತ್ತಾನೆ, ಒಬ್ಬ ಕಾಲು, ನಾನು ಮಧ್ಯದಲ್ಲಿ. ಮೊದಲ ಕಟ್ಟೆಯಲ್ಲಿ ನಮ್ಮನ್ನು ಎತ್ತಿಕೊಳ್ಳುತ್ತಿದ್ದವನು ಸೋನೆ ಬೀದಿಯ ಹಾಲಪ್ಪ. ಕಟ್ಟೆಯ ಡ್ರೈವರುಗಳಿಗೆಲ್ಲ ಹಿರಿಯ. ಕೆಟ್ಟವನಲ್ಲ, ಬಾಯಿ ಸುಮ್ಮನಿರುವುದಿಲ್ಲ. ನಾಲ್ಕನೆಯ ಸಲ ಹೋದಾಗ, ಸುತ್ತ ಕೊಡೆ ಹಿಡಿದು ನಿಂತವರು ನೋಡುತ್ತಿದ್ದಂತೆ, ಅವನು ಏದುಸಿರು ಬಿಡುತ್ತಾ ಅಂದ: "ಏನ್ ನೀಲಕ್ಕ, ಸಲದಿಂದ ಸಲಕ್ಕೆ ಭಾರ ಆಯ್ತಾ ಇದೀಯ. ಆಸ್ಪತ್ರೆ ಊಟ ಒಗ್ಗೈತೆ ಅಂತ ಕಾಣ್ತದೆ." ನಾಲ್ಕೈದು ಜನ ನಕ್ಕರು. ಕಾಲು ಹಿಡಿದವನ ಕೈ ಒದ್ದೆಯಾಗಿ ಜಾರಿತು. ಸೀರೆ ಮಂಡಿಯ ಮೇಲಕ್ಕೆ ಹೋಗಿ ಹೊಲಿಗೆ ಹಾಕಿದ ಗಾಯ ಎಲ್ಲರಿಗೂ ಕಂಡಿತು. ನಾನು ಸೆರಗೆಳೆದು ಮುಚ್ಚಿದೆ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಅವಳು ತುಟಿ ಬಿಚ್ಚಲಿಲ್ಲ, ವಾಪಸು ಬರುವಾಗಲೂ ಇಲ್ಲ. ಆ ಮೌನ ನನಗೆ ಗುರುತು ಸಿಗಲಿಲ್ಲ.

ಮನೆಗೆ ಬಂದು ಮಂಚದ ಮೇಲೆ ಒರಗಿಸಿದ ಮೇಲೆ ಅಂದಳು: "ನಾನಿನ್ನು ಬರಲ್ಲ ಕಣೋ."

"ಮೇಡಂ ಹೇಳಿದ್ದು ಕೇಳಿಸಿಕೊಂಡೆ ತಾನೆ?"

"ಕೇಳಿಸಿಕೊಂಡೆ. ನನ್ನನ್ನ ಮೂಟೆ ಥರ ಕೈ ಬದಲಾಯಿಸ್ತಾರೆ. ಮೂಟೆಗಾದ್ರೂ ಕಣ್ಣಿರಲ್ಲ." ಮೆಷಿನ್ನಿನ ಕಡೆ ನೋಡಿ, "ಒಂದು ಕಾಲಲ್ಲೂ ಹೊಲೀಬಹುದು," ಎಂದಳು.

ಮಾರನೆಯ ದಿನ ನಾನು ವಾಚನಾಲಯಕ್ಕೆ ಹೋದೆನೆಂದುಕೊಂಡು ಪ್ರಯತ್ನಿಸಿದಳು. ನಾನು ಬಾಗಿಲ ಹೊರಗೇ ಇದ್ದೆ. ಎಡಗಾಲೊಂದರಿಂದ ತುಳಿದರೆ ಆ ಮೆಷಿನ್ನು ನಾಲ್ಕು ಹೊಲಿಗೆ ಮುಂದಕ್ಕೆ ಹೋಗಿ, ತಡವರಿಸಿ, ಹಿಂದಕ್ಕೆ ತಿರುಗಿ ದಾರ ಕಿತ್ತುಕೊಳ್ಳುತ್ತದೆ. ಮೂರು ಸಲ ದಾರ ಕಿತ್ತ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಆ ಏನೂ ಇಲ್ಲದ್ದನ್ನು ಕೇಳಿಸಿಕೊಂಡು ನಿಂತಿದ್ದಾಗ ನನ್ನೊಳಗೆ ಏನೋ ಗಟ್ಟಿಯಾಯಿತು. ಹಿತ್ತಲಿಗೆ ಹೋಗಿ ಸೋದರಮಾವನ ಕಾರಿನ ಮೇಲಿನ ಟಾರ್ಪಾಲು ಎಳೆದೆ.

ಮಾವ ಮಗಳ ಜೊತೆ ಸೋನೆ ಬೀದಿಯಲ್ಲಿ ಇರಲು ಹೋದಾಗ ಕಾರನ್ನು ನಮಗೇ ಬಿಟ್ಟಿದ್ದರು. ಮಾಗಿ ಬೀದಿಯ ಕಾರು ಅಲ್ಲಿ ಏತಕ್ಕೆ. ನನಗೆ ಓಡಿಸಲು ಕಲಿಸಿದ್ದೂ ಅವರೇ. ಅಕ್ಕನನ್ನು ಮನೆಯ ಬಾಗಿಲಲ್ಲಿ ಒಂದು ಸಲ ಕೂರಿಸಿ, ಆಸ್ಪತ್ರೆಯ ಬಾಗಿಲಲ್ಲಿ ಒಂದು ಸಲ ಇಳಿಸಬೇಕು. ನಡುವೆ ಯಾರ ಕೈಯೂ ತಾಗಬಾರದು. ಅಷ್ಟೇ ನನಗೆ ಬೇಕಾಗಿದ್ದದ್ದು. ಅದಕ್ಕೆ ಬೇಕಾದ ಎಣ್ಣೆ ಯಾವುದೆಂಬುದು ಮಾತ್ರ ಗೊತ್ತಿರಲಿಲ್ಲ.

ಊರಿಗೆಲ್ಲ ಎಣ್ಣೆ ಮಾರುವವರು ಫಿಲೋಮಿನಮ್ಮ. ಗಂಡ ಹೋದ ಮೇಲೆ ಅಂಗಡಿಯನ್ನೂ, ಕಾರಿನ ಅಡಿ ಇಳಿದು ಕೆಲಸ ಮಾಡುವ ಗುಂಡಿಯನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮೊದಲ ಕಟ್ಟೆಗೆ ಒರಗಿಕೊಂಡಿರುವ ಅಂಗಡಿ. ಅರ್ಧ ಮಾಗಿಯಲ್ಲಿ, ಅರ್ಧ ಸೋನೆಯಲ್ಲಿ. ಒಳಗೆ ನಲ್ಲಿ ಕೂರಿಸಿದ ಮೂರು ಡ್ರಮ್ಮು. ಅವುಗಳ ಮೇಲೆ ಬರೆದಿರುವುದು ಬೀದಿಯ ಹೆಸರು ಮಾತ್ರ.

"ಯಾವ ಬೀದಿ ಗಾಡಿ ಮಗಾ?" ಎಂದು ಅಳತೆಯ ಡಬ್ಬ ಕೈಗೆತ್ತಿಕೊಂಡರು.

"ಮೂರೂ ಬೀದಿ."

ಅವರು ಡಬ್ಬ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಲೆಕ್ಕ ಬರೆದುಕೊಂಡು ಹೋಗಿದ್ದ ಚೀಟಿ ತೆಗೆದೆ. ಮಾಗಿ ಬೀದಿ ಒಂದೂವರೆ ಕಿಲೋಮೀಟರು, ಸೋನೆ ಒಂದು, ಬೇಗೆ ಒಂದೂವರೆ. ಎಂಜಿನ್ ಹಿಡಿಯುವುದು ನಾಲ್ಕು ಲೀಟರು. ಒಂದೂವರೆ ಲೀಟರು ತೆಳು, ಒಂದು ಲೀಟರು ನಡುವಿನದು, ಒಂದೂವರೆ ದಪ್ಪ. ಇಷ್ಟು ಸರಳವಾದದ್ದು ಇಲ್ಲಿಯವರೆಗೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

"ನಿಂಗೆ ಮುಂಚೆ ಇಬ್ಬರಿಗೆ ಹೊಳೆದಿತ್ತು," ಎಂದರು ಫಿಲೋಮಿನಮ್ಮ. "ಒಬ್ಬ ಮದುಮಗ, ಒಬ್ಬ ಐಸ್ ಮಾರೋನು." ಅವರ ಗತಿ ಏನಾಯಿತೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. "ಕೇಳಿದ್ದು ಅಳೆದುಕೊಡೋದು ನನ್ನ ಕೆಲಸ," ಎಂದು ಮೂರು ನಲ್ಲಿಗಳನ್ನೂ ತಿರುಗಿಸಿದರು.

ಅಕ್ಕನಿಗೆ ಹೇಳದೆ ಒಬ್ಬನೇ ಪರೀಕ್ಷೆಗೆ ಹೊರಟೆ. ನಮ್ಮ ಬೀದಿಯಲ್ಲಿ ಕಾರು ಸ್ಟಾರ್ಟ್ ಆಗಲು ನರಳಿತು. ಐದನೆಯ ಸಲಕ್ಕೆ ಹಿಡಿಯಿತು. ಕಟ್ಟೆ ದಾಟುವಾಗ ಡ್ರೈವರುಗಳೆಲ್ಲ ಬೀಡಿ ಹಿಡಿದ ಕೈ ಹಾಗೇ ನಿಲ್ಲಿಸಿ ನೋಡಿದರು. ಸೋನೆಯಲ್ಲಿ ಚೆನ್ನಾಗಿ ಓಡಿತು. ಬೇಗೆ ಬೀದಿಯ ಏರು ಹತ್ತಿ ಅರ್ಧ ದಾರಿ, ಒಣಗಿದ ನೀರಿನ ತೊಟ್ಟಿಯ ಹತ್ತಿರ ಬರುವಾಗ ಸ್ಟೀರಿಂಗಿನ ಹಿಂದೆ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತು. ಬಾನೆಟ್ಟಿನ ಒಳಗಿನಿಂದ ಯಾರೋ ಚಮಚದಲ್ಲಿ ಲೋಟ ಬಡಿಯುವಂಥ ಟಕಟಕ ಸದ್ದು. ಕೂಡಲೇ ಎಂಜಿನ್ ಆರಿಸಿದೆ. ಆಮೇಲೆ ಬಿಸಿಲು, ಕಾದ ಲೋಹ ಚಟಗುಟ್ಟುವುದು, ನಾನು. ಗೇರು ಬಿಡಿಸಿ, ಬ್ರೇಕಿನ ಮೇಲೆ ಕಾಲಿಟ್ಟು, ಹಿಮ್ಮುಖವಾಗಿ ಇಳಿಜಾರಿನಲ್ಲಿ ಜಾರುತ್ತಾ ಎರಡನೆಯ ಕಟ್ಟೆಗೆ ಬಂದೆ.

ಅಲ್ಲಿ ಸವಾರಿ ಇಳಿಸಲು ಬಂದಿದ್ದ ಹಾಲಪ್ಪ ಹಗ್ಗ ತಂದು ತನ್ನ ಕಾರಿಗೆ ಕಟ್ಟಿದ. ಎಳೆದುಕೊಂಡು ಹೋಗುವ ಮೊದಲು ಕಿಟಕಿಗೆ ಬಗ್ಗಿದ. "ಓದಿದೋರೆ, ಮೂರು ಮನೆ ಸಾರು ಒಂದೇ ಪಾತ್ರೆಗೆ ಸುರಿದ್ರೆ ಮದುವೆ ಮನೆ ಸಾರು ಆಗ್ತದಾ?"

ಹಗ್ಗ ಬಿಗಿಯಾಯಿತು. ನಾನು ಸ್ಟೀರಿಂಗು ನೇರ ಹಿಡಿದೆ.

ಫಿಲೋಮಿನಮ್ಮ ಗುಂಡಿಗೆ ಇಳಿದು ಎಣ್ಣೆ ಬಸಿದರು. ಬೋಗುಣಿಯಲ್ಲಿ ಬೆರಳದ್ದಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಮಿಂಚು ಇಲ್ಲ. ಬಚಾವಾದೆ. ಇನ್ನು ನೂರು ಮಾರು ಹೋಗಿದ್ರೆ ಇದರಲ್ಲಿ ಬೆಳ್ಳಿ ಪುಡಿ ಇರ್ತಿತ್ತು. ಅದು ಎಂಜಿನ್ನಿನ ಮಾಂಸ." ಮತ್ತೇನೂ ಹೇಳದೆ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ಮಾಗಿ ಬೀದಿಯ ಡ್ರಮ್ಮಿನಿಂದ ನಾಲ್ಕು ಲೀಟರು ತುಂಬಿ ನನ್ನನ್ನು ಮನೆಗೆ ಕಳಿಸಿದರು. ಹೇಳಬೇಕಾದದ್ದೇನನ್ನೋ ನುಂಗಿಕೊಂಡರು ಎಂದು ನನಗನ್ನಿಸಿತು. ಮೌನದ ವಿಷಯದಲ್ಲಿ ನಾನು ತಪ್ಪುವುದು ಕಡಿಮೆ.

ತಿಂಗಳಿನಲ್ಲಿ ಹನ್ನೆರಡು ದಿನ ಕಳೆದಿದ್ದವು. ಅಕ್ಕನ ಮಂಡಿಗೆ ನಾನೇ ಬಿಸಿ ಶಾಖ ಕೊಟ್ಟು, ಕಸ್ತೂರಿ ಮೇಡಂ ತೋರಿಸಿದಂತೆ ಮಡಿಸಲು ನೋಡಿದೆ. ನನ್ನ ಕೈ ಹೆದರುತ್ತಿತ್ತು. ಅವಳ ಮುಖ ನೋಡಿದರೆ ಬಿಟ್ಟುಬಿಡುತ್ತಿದ್ದೆ. ಉಳಿದ ಹೊತ್ತಿನಲ್ಲಿ ಮೂರು ಲೋಟಗಳಲ್ಲಿ ಮೂರು ಎಣ್ಣೆ ಇಟ್ಟುಕೊಂಡು, ಕಿಟಕಿಯ ಚಳಿಯಲ್ಲಿ ಒಂದು ಸಲ, ಒಲೆಯ ಬಳಿ ಒಂದು ಸಲ, ಗಾಜಿನ ಮೇಲೆ ಹನಿ ಬಿಟ್ಟು ಅದು ಇಳಿಯುವುದನ್ನು ಎಣಿಸುತ್ತಿದ್ದೆ. ತೆಳುವಾದದ್ದು ಒಲೆಯ ಬಳಿ ಓಡಿಬಿಡುತ್ತಿತ್ತು. ದಪ್ಪನೆಯದು ಕಿಟಕಿಯಲ್ಲಿ ಕದಲುತ್ತಲೇ ಇರಲಿಲ್ಲ. ಬೆರೆಸಿದ್ದು ಕಿಟಕಿಯಲ್ಲಿ ತೆವಳಿ, ಒಲೆಯ ಬಳಿ ಓಡಿತು. ಎರಡು ಕಡೆಯ ಗುಣ ಸಿಗಲೆಂದು ಬೆರೆಸಿದ್ದೆ. ಎರಡು ಕಡೆಯ ದೋಷ ಸಿಕ್ಕಿತ್ತು. ನನಗೆ ಬೇಕಾಗಿದ್ದದ್ದು ಮೂರರ ಸರಾಸರಿಯಲ್ಲ. ಚಳಿಯಲ್ಲಿ ತೆಳುವಾಗಿ ಹರಿದು, ಬಿಸಿಯಲ್ಲಿ ಮೈ ಬಿಟ್ಟುಕೊಡದೆ ನಿಲ್ಲುವ ಒಂದೇ ಎಣ್ಣೆ.

ಅಕ್ಕ ಮಂಚದ ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಕಾರು ಹಗ್ಗದಲ್ಲಿ ಬಂದ ವಿಷಯ ಅವಳಿಗೆ ಆಗಲೇ ತಲುಪಿತ್ತು. ಮೂರನೆಯ ದಿನ ಕೇಳಿದಳು: "ಅಲ್ಲ ಕಣೋ, ನನ್ನ ಮೆಷಿನ್ನಿಗೆ ನಾನು ಬೀದಿ ನೋಡಿ ಎಣ್ಣೆ ಬಿಡಲ್ಲ. ಮೆಷಿನ್ನಿನ ಜೊತೆ ಬಂದ ಪುಸ್ತಕದಲ್ಲಿ ಯಾವುದು ಹೇಳಿದೆಯೋ ಅದನ್ನ ಬಿಡ್ತೀನಿ. ಕಾರಿಗೆ ಪುಸ್ತಕ ಇಲ್ವಾ?"

ಪುಸ್ತಕದ ಹುಳುವೆಂದು ಕರೆಸಿಕೊಂಡ ನಾನು ಹಾಗೇ ನಿಂತುಬಿಟ್ಟೆ. ನಮ್ಮ ಊರಿನಲ್ಲಿ ಕಾರಿನ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಬೀದಿಯ ಹೆಸರು ಹೇಳಿದರೆ ಎಣ್ಣೆ ಸಿಗುವಾಗ ಅದರ ಅಗತ್ಯ ಯಾರಿಗೂ ಬಿದ್ದಿಲ್ಲ. ಓಡಿ ಹೋಗಿ ನೋಡಿದರೆ, ಡ್ರೈವರ್ ಸೀಟಿನ ಅಡಿ, ಕುಂಕುಮದ ಪೊಟ್ಟಣವೊಂದರ ಜೊತೆ, ಮಾವ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಕೊನೆಯ ಪುಟಗಳಲ್ಲಿ ಒಂದು ಚಿತ್ರವಿತ್ತು. ಎಡಕ್ಕೆ ಥರ್ಮಾಮೀಟರು, ಪಕ್ಕದಲ್ಲಿ ಉದ್ದ ಗಿಡ್ಡ ಪಟ್ಟಿಗಳು. ಪ್ರತಿ ಪಟ್ಟಿಯ ಮೇಲೂ ಒಂದು ಅಂಕಿ. ಕೆಲವು ಪಟ್ಟಿ ಥರ್ಮಾಮೀಟರಿನ ಬುಡದಲ್ಲೇ ಮುಗಿಯುತ್ತಿದ್ದವು, ಕೆಲವು ಮೇಲೆ ಮಾತ್ರ ಇದ್ದವು.

"ಇಲ್ಲಿ ಕೊಡು," ಎಂದು ಅಕ್ಕ ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಪುಟದ ಮೇಲೆ ಹಾಸಿ ಒಂದೊಂದೇ ಪಟ್ಟಿಯನ್ನು ಅಳೆದಳು. ಒಂದು ಪಟ್ಟಿಯ ಹತ್ತಿರ ಟೇಪು ನಿಂತಿತು. "ನೋಡು, ಇದೊಂದು ಕುತ್ತಿಗೆಯಿಂದ ಹಿಮ್ಮಡಿವರೆಗೂ ಬರುತ್ತೆ. ಮಿಕ್ಕಿದ್ದೆಲ್ಲ ಬರೀ ರವಿಕೆ."

ಅದರ ಮೇಲೆ ಒಂದಲ್ಲ, ಎರಡು ಅಂಕಿ ಇದ್ದವು. ಹತ್ತು, ಡಬ್ಲ್ಯೂ, ಆಮೇಲೆ ನಲವತ್ತು. ಕೆಳಗಿನ ಸಣ್ಣಕ್ಷರ ಓದಿದೆ. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಚಿಕ್ಕದಾದಷ್ಟೂ ಸಲೀಸು. ಮುಂದಿನ ಅಂಕಿ ಎಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಒಂದೇ ಎಣ್ಣೆಗೆ ಎರಡು ನಡತೆ. ನಮ್ಮ ಊರಿಗೆಂದೇ ಯಾರೋ ಎಲ್ಲೋ ಕೂತು ಯೋಚಿಸಿದ ಹಾಗಿತ್ತು.

ಪುಸ್ತಕ ಹಿಡಿದು ಫಿಲೋಮಿನಮ್ಮನ ಮುಂದೆ ನಿಂತಾಗ ಅವರು ಆ ಎರಡು ಅಂಕಿಗಳ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಸ್ಟೂಲು ಹಾಕಿಕೊಂಡು ಅಟ್ಟದ ಹಿಂಬದಿಯಿಂದ ಧೂಳು ಹಿಡಿದ ನಾಲ್ಕು ಲೀಟರಿನ ಡಬ್ಬವೊಂದನ್ನು ಇಳಿಸಿದರು. ಸೆರಗಿನಿಂದ ಒರೆಸಿದಾಗ ಅದೇ ಅಂಕಿಗಳು ಕಂಡವು.

"ದಾರಿಹೋಕರ ಎಣ್ಣೆ," ಎಂದರು. "ಊರು ಹಾದು ಹೋಗೋ ಲಾರಿಯೋರು ಕೇಳ್ತಾರೆ. ಊರಿನೋರು ಕೇಳಲ್ಲ."

"ಮೊದಲೇ ಹೇಳಬಹುದಿತ್ತಲ್ಲ ಅಮ್ಮ."

"ನೀನು ಬೀದಿ ಹೇಳಿದೆ. ಗಾಡಿ ಯಾವುದು ಅಂತ ಹೇಳಲಿಲ್ಲ." ಡಬ್ಬವನ್ನು ಎದೆಗವಚಿಕೊಂಡೇ ನಿಂತಿದ್ದರು. "ನಮ್ಮನೆಯೋರು ಒಂದು ಸಲ ಊರಿನೋರಿಗೆ ಈ ಎಣ್ಣೆ ವಿಷಯ ಹೇಳಿದ್ರು ಮಗಾ. ಮೂರು ತಿಂಗಳು ಕಟ್ಟೆಯೋರು ಯಾರೂ ಈ ಬಾಗಿಲು ಮೆಟ್ಟಲಿಲ್ಲ. ಗಾಡಿಗಳು ನೇರ ಹೋಗೋದಾದ್ರೆ ಕಟ್ಟೆ ಯಾತಕ್ಕೆ, ಡ್ರೈವರುಗಳು ಯಾತಕ್ಕೆ? ಅವರದ್ದೂ ಹೊಟ್ಟೆ." ಮುಚ್ಚಳದ ಮೇಲೆ ಕೈಯಾಡಿಸಿ, "ನೀಲಕ್ಕ ಹೊಲಿದ ಲಂಗ ಹಾಕ್ಕೊಂಡೇ ನನ್ನ ಮಗಳು ಸ್ಕೂಲಿಗೆ ಹೋಗಿದ್ದು," ಎಂದು ಡಬ್ಬವನ್ನು ಗುಂಡಿಯ ಅಂಚಿಗಿಟ್ಟರು.

ಹಳೆಯ ಎಣ್ಣೆ ಪೂರ್ತಿ ಬಸಿಯುವವರೆಗೆ ನನ್ನನ್ನು ಕಾಯಿಸಿದರು. ಒಂದು ಲೋಟದಷ್ಟು ಹಳೆಯದೂ ಒಳಗೆ ಉಳಿಯಬಾರದೆಂದು ಫಿಲ್ಟರನ್ನೂ ಬದಲಿಸಿದರು. ಹೊಸದನ್ನು ನಿಧಾನವಾಗಿ ಸುರಿದು, ಅಳತೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನನಗೆ ತೋರಿಸಿದರು. ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ತುಸು ಕೆಳಗೆ ಜೇನಿನ ಬಣ್ಣ. "ಜಾಸ್ತಿ ಹಾಕಿದ್ರೆ ಒಳ್ಳೇದು ಅಂತ ಇದರ ಮೇಲೆ ಹನಿಯೂ ಹಾಕಬೇಡ. ಹಾಲಪ್ಪನಿಗೆ ಹೇಗೂ ಗೊತ್ತಾಗುತ್ತೆ. ಈ ಊರಲ್ಲಿ ಡಬ್ಬದ ಮುಚ್ಚಳ ತೆಗೆದ್ರೆ ಕಟ್ಟೆಗೆ ಕೇಳಿಸುತ್ತೆ."

ಅಕ್ಕ ಒಂದು ಷರತ್ತು ಹಾಕಿದಳು. "ಕಟ್ಟೆಯಲ್ಲಿ ನಿಲ್ಲಿಸಬಾರದು. ನಿಲ್ಲಿಸಿದ್ರೆ ಅಲ್ಲೇ ಇಳಿದು ತೆವಳಿಕೊಂಡು ವಾಪಸ್ ಬರ್ತೀನಿ."

"ಆಗಲಿ," ಎಂದೆ.

ಮಾರನೆಯ ಬೆಳಿಗ್ಗೆ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕೂರಿಸಿದೆ. ಕಡುನೀಲಿ ಶಾಲು ಹೊದ್ದಿದ್ದಳು. ಬಕೆಟ್ಟಿನಲ್ಲಿ ಮಂಜು ಕಟ್ಟಿದ್ದ ಹೊತ್ತು. ಕೀ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕನ್ನಡಿಯಲ್ಲಿ ಅಕ್ಕನ ಹುಬ್ಬು ಮೇಲೇರಿದ್ದು ಕಂಡಿತು.

ಕಟ್ಟೆಯ ಹತ್ತಿರ ಬಂದಾಗ ರಸ್ತೆಗೆ ಅಡ್ಡಲಾಗಿ ಹಾಲಪ್ಪನ ಕಾರು ನಿಂತಿತ್ತು. ಅವನು ಅದಕ್ಕೆ ಒರಗಿ, ಸೋನೆಯಲ್ಲಿ ನೆನೆಯುತ್ತಾ ನಿಂತಿದ್ದ. ಹಿಂದೆ ಏಳೆಂಟು ಡ್ರೈವರುಗಳು. ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ. ಕೊಟ್ಟ ಮಾತು ಮುರಿದು ಬ್ರೇಕು ಹಾಕಿದೆ. ಎಂಜಿನ್ ಆರಿಸಲಿಲ್ಲ.

"ಇಳಿಸಿ ಓದಿದೋರೆ," ಎಂದ ಹಾಲಪ್ಪ. "ಕಟ್ಟೆ ಬಂತು. ಇಲ್ಲಿಂದ ನಮ್ಮ ಗಾಡಿ."

ನಾನು ಬಾಗಿಲು ತೆರೆಯಲು ಹೋದೆ. ಅಷ್ಟರಲ್ಲಿ ಹಿಂದಿನ ಕಿಟಕಿಯ ಗಾಜು ಇಳಿಯುವ ಸದ್ದು ಕೇಳಿತು.

"ಹಾಲಪ್ಪ, ಹತ್ತಿರ ಬಾ," ಎಂದಳು ಅಕ್ಕ. ಅವನು ಬಂದ. ಅವಳು ಅವನ ಖಾಕಿ ಅಂಗಿಯ ಜೇಬನ್ನು ನೋಡಿದಳು. "ಬೀಡಿ ಕಟ್ಟು ಬೀಳದ ಹಾಗೆ ಆಳ ಮಾಡಿ ಹೊಲಿ ಅಂತ ನೀನೇ ಅಂದಿದ್ದೆ. ಬಿದ್ದಿದ್ಯಾ ಯಾವತ್ತಾದ್ರೂ?"

"ಇಲ್ಲ ನೀಲಕ್ಕ."

"ಈ ಕಟ್ಟೇಲಿ ಎಂಟು ಸಲ ನನ್ನನ್ನ ಎತ್ತಿದ್ದೀಯ, ಹೋಗೋವಾಗ ನಾಲ್ಕು, ಬರೋವಾಗ ನಾಲ್ಕು. ಅದಕ್ಕೆ ನಾನೇನೂ ಅನ್ನಲ್ಲ. ಕೆಲಸ ಅದು. ಆದ್ರೆ ನಾನು ಇದೇ ಕಟ್ಟೇಲಿ ಅಳತೆ ತಗೊಳ್ಳೋವಾಗ ನಿನ್ನ ಹೊಟ್ಟೆ ಸುತ್ತಳತೆ ಎಷ್ಟು ಅಂತ ಬೀದಿಗೆ ಕೂಗಿ ಹೇಳಿದ್ದೀನಾ?"

ಹಿಂದೆ ನಿಂತವರಲ್ಲಿ ಯಾರೂ ನಗಲಿಲ್ಲ. ಮಳೆಹನಿ ಬಾನೆಟ್ಟಿನ ಮೇಲೆ ಬಿದ್ದು ಸಣ್ಣಗೆ ಹಬೆಯಾಗುತ್ತಿತ್ತು. ಹಾಲಪ್ಪ ತಲೆಯ ಟವೆಲ್ಲು ತೆಗೆದು ಹಿಂಡಿದ, ಮತ್ತೆ ಸುತ್ತಿಕೊಂಡ.

"ಎಲ್ರೂ ಹಿಂಗೇ ಹೊಂಟ್ರೆ ನಾವೇನ್ ಮಾಡಾನ ಹೇಳಕ್ಕ?"

"ನೀವೂ ಪೂರ್ತಿ ದಾರಿ ಓಡಿಸಿ. ಬೇಡ ಅಂದೋರು ಯಾರು?" ಎಂದಳು ಅಕ್ಕ. "ನಂಗೆ ಇನ್ನು ಹದಿನೈದು ದಿನ ಉಳಿದಿದೆ ಹಾಲಪ್ಪ. ಆಮೇಲೆ ಈ ಕಾಲು ಕಟ್ಟಿಗೆ. ದಾರಿ ಬಿಡು."

ಅವನು ನನ್ನ ಕಡೆ ನೋಡಿದ. "ಮೇಲೆ ತೊಟ್ಟಿ ತಾವ ನಿಂತ್ರೆ ನನ್ನ ಹಗ್ಗ ಕೇಳ್ಬೇಡಿ," ಎಂದು ಹೋಗಿ ಕಾರನ್ನು ಪಕ್ಕಕ್ಕೆ ತೆಗೆದ.

ಸೋನೆ ಬೀದಿ ಮುಗಿಯುವಾಗ ಅಕ್ಕ ಶಾಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಎರಡನೆಯ ಕಟ್ಟೆಯಲ್ಲಿ ಯಾರೂ ಅಡ್ಡ ಬರಲಿಲ್ಲ. ಏರು ಶುರುವಾಯಿತು. ಗಾಜು ಇಳಿಸಿದರೆ ಒಲೆಯ ಬಾಯಿಯಂಥ ಗಾಳಿ. ನನ್ನ ಕಣ್ಣು ರಸ್ತೆಯ ಮೇಲೆ ಅರ್ಧ, ಕೆಂಪು ದೀಪದ ಜಾಗದ ಮೇಲೆ ಅರ್ಧ. ಕಿವಿ ಪೂರ್ತಿ ಬಾನೆಟ್ಟಿನ ಒಳಗೆ. ತೊಟ್ಟಿ ಕಾಣಿಸಿತು, ಹತ್ತಿರವಾಯಿತು, ಕಿಟಕಿಯ ಪಕ್ಕಕ್ಕೆ ಬಂತು. ಚಮಚದ ಸದ್ದಿಗೆ ಕಾದೆ. ಎಂಜಿನ್ ಅದೇ ಒಂದು ದನಿಯಲ್ಲಿ, ತಗ್ಗಿಸದೆ ಏರಿಸದೆ, ಉಸಿರಾಡುತ್ತಿತ್ತು. ತೊಟ್ಟಿ ಹಿಂದೆ ಸರಿಯಿತು. ನಾನು ಅದುವರೆಗೆ ಪ್ರೀತಿಸಿದ್ದ ಮೌನಗಳೆಲ್ಲ ಸದ್ದಿಲ್ಲದವು. ಇದು ಸದ್ದಿನೊಳಗೇ ಇತ್ತು: ಬರಬಾರದ್ದು ಬರದೆ ಇದ್ದದ್ದು.

ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಎತ್ತಿ ಕುರ್ಚಿಗೆ ಕೂರಿಸಿದೆ. ಅಲ್ಲಿನ ಆಯಾ ಅಕ್ಕನ ತೊಡೆಯ ಮೇಲಿದ್ದ ಶಾಲನ್ನು ಬೆರಳಿನಿಂದ ಮುಟ್ಟಿ, "ಏನಮ್ಮಾ ಇದು, ಕುರಿ ಮೈ ಇದ್ದಂಗೈತೆ?" ಎಂದಳು. ಬೇಗೆ ಬೀದಿಯವರು ಶಾಲನ್ನು ಕಂಡಿರಲಿಲ್ಲ. ಅವೆಲ್ಲ ಮೊದಲ ಕಟ್ಟೆಯ ಗೂಟದಲ್ಲೇ ನಿಂತುಬಿಡುತ್ತಿದ್ದವು. ಅಕ್ಕ ಅದನ್ನು ಅವಳ ಕೈಗೆ ಕೊಟ್ಟಳು, ನೋಡಲೆಂದು.

"ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದು ಕಸ್ತೂರಿ ಮೇಡಂ ಸಿಡುಕಿದರು. ಅಕ್ಕನ ಹಿಮ್ಮಡಿ ಹಿಡಿದು ಮಂಡಿ ಮಡಿಸಿದರು. ಅಕ್ಕ ಮಂಚದ ಕಂಬಿಯನ್ನು ಬೆರಳು ಬೆಳ್ಳಗಾಗುವಂತೆ ಹಿಡಿದು, ಗೋಡೆ ನೋಡುತ್ತಾ, "ಇನ್ನೂ," ಎಂದಳು. ಮೇಡಂ ಇನ್ನಷ್ಟು ಮಡಿಸಿದರು. "ಇನ್ನೂ."

ಹದಿನೈದು ದಿನವೂ ಹೋದೆವು. ದಿನ ಬಿಟ್ಟು ದಿನವಲ್ಲ, ದಿನಾ. ಕಟ್ಟೆಯಲ್ಲಿ ನಮಗೆ ಯಾರೂ ಕೈಯೆತ್ತಿ ನಮಸ್ಕಾರ ಮಾಡಲಿಲ್ಲ, ತಡೆಯಲೂ ಇಲ್ಲ. ತಿಂಗಳು ಮುಗಿದ ದಿನ ಮಂಡಿ ಮುಕ್ಕಾಲು ಪಾಲು ಮಡಿಯುತ್ತಿತ್ತು. ಪೂರ್ತಿ ಎಂದೂ ಮಡಿಯುವುದಿಲ್ಲವಂತೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅವಳು ಇನ್ನು ಕೂರುವಂತಿಲ್ಲ. ಮೆಷಿನ್ನು ತುಳಿಯಲು ಅಷ್ಟು ಸಾಕು.

ಅದಾದ ವಾರಕ್ಕೆ ಒಂದು ಬೆಳಿಗ್ಗೆ ಅಂಗಳದಲ್ಲಿ ಚೊಂಬು ಹಿಡಿದು ಮಂಜು ಒಡೆಯುತ್ತಿದ್ದೆ. ಗೇಟಿನ ಹತ್ತಿರ ಹಾಲಪ್ಪ ನಿಂತಿದ್ದ. ಅವನನ್ನು ನಮ್ಮ ಬೀದಿಯಲ್ಲಿ ಕಂಡದ್ದು ಅದೇ ಮೊದಲು. ಗೂಟದಲ್ಲಿ ಅವನದ್ದೆಂದು ಶಾಲು ಯಾವುದೂ ಇಲ್ಲವಲ್ಲ. ಬರಿಯ ಖಾಕಿ ಅಂಗಿಯಲ್ಲಿ ಗಡಗಡ ನಡುಗುತ್ತಿದ್ದ. ಕಂಕುಳಲ್ಲಿ ಪ್ಲಾಸ್ಟಿಕ್ಕು ಸುತ್ತಿದ ಏನನ್ನೋ ಅವಚಿಕೊಂಡಿದ್ದ.

"ನನ್ನ ಗಾಡಿದೂ ಒಂದು ಪುಸ್ತಕ ಐತೆ," ಎಂದ, ನನ್ನ ಮುಖ ನೋಡದೆ. "ನಂಗೆ ಓದಾಕ್ ಬರಾಕಿಲ್ಲ. ಅದ್ರಾಗೆ ಏನ್ ಬರದೈತೋ ಒಸಿ ನೋಡಿ ಯೋಳಿ."

ಒಳಗಿನಿಂದ ಮೆಷಿನ್ನಿನ ಸದ್ದು ಬರುತ್ತಿತ್ತು, ಒಂದೇ ಸಮನೆ, ಎರಡೂ ಕಾಲಿನದು. ಹಾಲಪ್ಪ ಅದನ್ನು ಕೇಳಿಸಿಕೊಂಡು ನಿಂತ. ಸದ್ದು ನಿಂತಿತು.

"ಒಳಗೆ ಬಾರೋ ಹಾಲಪ್ಪ, ಚಳಿ," ಎಂದಳು ಅಕ್ಕ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ಪ್ಲಾಸ್ಟಿಕ್ಕು ಬಿಚ್ಚಿ ಪುಸ್ತಕವನ್ನು ನನ್ನ ಮುಂದಿಟ್ಟ. ನಾನು ಕೊನೆಯ ಪುಟಗಳನ್ನು ತಿರುವಿ ಥರ್ಮಾಮೀಟರಿನ ಚಿತ್ರ ಹುಡುಕಿದೆ. ಅಕ್ಕ ಕೊರಳಿನ ಟೇಪು ತೆಗೆದು ನನ್ನ ಕಡೆ ಎಸೆದಳು.